ಕಾಗದಕ್ಕೆ ತಪಾಸಣೆ, ಗೋಡೆಗೆ ಸುಣ್ಣ!

ಜಾತ್ರೆಯಲ್ಲಿ ಒಂದು ಜೊತೆ ಎತ್ತು ಕೊಳ್ಳುವ ರೈತ ಏನು ಮಾಡುತ್ತಾನೆ? ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ತನ್ನ ಕಣ್ಣಿನ ಮೇಲೆ ನಂಬಿಕೆ ಸಾಲದಿದ್ದರೆ ಊರಿನ ಅನುಭವಸ್ಥರೊಬ್ಬರನ್ನು ಜೊತೆಗೆ ಕರೆದೊಯ್ಯುತ್ತಾನೆ. ಬಾಡಿಗೆಗೆ ಓಡುವ ಲಾರಿಗೆ ಎಂಟು ವರ್ಷ ದಾಟಿದರೆ ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಬೇಕೆಂದು ಸರ್ಕಾರವೇ ಕಟ್ಟಳೆ ಮಾಡಿದೆ. ಆದರೆ ಒಬ್ಬ ಮನುಷ್ಯ ಜೀವಮಾನದ ದುಡಿಮೆಯನ್ನೆಲ್ಲ ಸುರಿದು ನಲವತ್ತು ಐವತ್ತು ವರ್ಷದ ಹಳೇ ಮನೆಯೊಂದನ್ನು ಕೊಳ್ಳುವಾಗ ಆ ಮನೆಯ ಹಲ್ಲು ಎಣಿಸುವವರು ಯಾರು? ಯಾರೂ ಇಲ್ಲ. ದಲ್ಲಾಳಿ ಇದ್ದಾನೆ, ವಕೀಲರಿದ್ದಾರೆ, ಪತ್ರ ಬರಹಗಾರರಿದ್ದಾರೆ, ಸಬ್‌ರಿಜಿಸ್ಟ್ರಾರರಿದ್ದಾರೆ. ಗೋಡೆಯನ್ನು ತಟ್ಟಿ ನೋಡುವವನು ಮಾತ್ರ ಇಲ್ಲ.

ಕಾಗದದ ತಪಾಸಣೆಗೇನೂ ಕೊರತೆಯಿಲ್ಲ. ಮೂಲಪತ್ರ ಬೇಕು, ಋಣಭಾರ ಪತ್ರ ಬೇಕು, ಖಾತೆ ಬೇಕು, ಈಗ ಇ-ಖಾತೆಯೂ ಬೇಕು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೆ ಹತ್ತು ಸಲ ಅಲೆಸುತ್ತಾರೆ. ಇವೆಲ್ಲ ಬೇಡವೆಂದು ನಾವು ಹೇಳುವುದಿಲ್ಲ. ಹಕ್ಕು ಯಾರದೆಂದು ಖಚಿತವಾಗಲೇಬೇಕು. ನಮ್ಮ ಪ್ರಶ್ನೆ ಬೇರೆ. ಹಕ್ಕು ಯಾವುದರ ಮೇಲೆ? ತಳಪಾಯ ಕುಸಿದ, ತೊಲೆ ಹುಳಿತ, ತಾರಸಿಯೊಳಗೆ ಕಬ್ಬಿಣ ತುಕ್ಕು ಹಿಡಿದ ಕಟ್ಟಡದ ಮೇಲೆ ಶುದ್ಧವಾದ ಹಕ್ಕು ಸಿಕ್ಕಿದರೆ ಮಳೆಗಾಲದ ರಾತ್ರಿ ಆ ಹಕ್ಕುಪತ್ರವನ್ನು ತಲೆಯ ಮೇಲೆ ಹೊದ್ದು ಮಲಗಬೇಕೇ?

ಸರ್ಕಾರ ಈ ವ್ಯವಹಾರದಲ್ಲಿ ದೂರ ನಿಂತ ಸಾಕ್ಷಿಯಲ್ಲ, ಪಾಲುದಾರ. ನಮ್ಮ ರಾಜ್ಯದಲ್ಲಿ 45 ಲಕ್ಷ ರೂಪಾಯಿಗೆ ಮೇಲ್ಪಟ್ಟ ಆಸ್ತಿಗೆ ಮುದ್ರಾಂಕ ಶುಲ್ಕ ನೂರಕ್ಕೆ 5. ನೋಂದಣಿ ಶುಲ್ಕ ನೂರಕ್ಕೆ 1 ಇದ್ದದ್ದನ್ನು 2025ರ ಆಗಸ್ಟ್ ಕೊನೆಯಲ್ಲಿ 2ಕ್ಕೆ ಏರಿಸಿದರು. ಐವತ್ತು ಲಕ್ಷದ ಮನೆಗೆ ಇವೆರಡೇ ಸೇರಿ ಮೂರೂವರೆ ಲಕ್ಷ. ಸೆಸ್ಸು ಗಿಸ್ಸು ಬೇರೆ. ಇಷ್ಟು ಹಣ ಎಣಿಸಿಕೊಂಡ ಸರ್ಕಾರ ಕೊಳ್ಳುವವನಿಗೆ ಕೊಡುವುದೇನು? ಒಂದು ಮೊಹರು, ಒಂದು ಹೆಬ್ಬೆಟ್ಟಿನ ಗುರುತು, ಒಂದು ಭಾವಚಿತ್ರ. ಶುಲ್ಕ ಏರಿದ ಮೇಲೆ ಸೇವೆ ಎಷ್ಟು ಏರಿತು ಎಂದು ಕೇಳುವ ಹಕ್ಕು ನಮಗಿಲ್ಲವೇ?

ಕಾಯಿದೆ ಏನನ್ನುತ್ತದೆ ಎಂದೂ ನೋಡೋಣ. ಆಂಗ್ಲರ ಕಾಲದ, 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮು ಇಂದಿಗೂ ಜಾರಿಯಲ್ಲಿದೆ. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಮುಚ್ಚಿಟ್ಟರೆ ಅದು ವಂಚನೆ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ನ್ಯಾಯಾಲಯದಲ್ಲಿ ಮಾರಿದವನು "ನನಗೂ ಗೊತ್ತಿರಲಿಲ್ಲ ಸ್ವಾಮಿ" ಎಂದರೆ ಗೊತ್ತಿತ್ತೆಂದು ಸಾಬೀತು ಮಾಡುವ ಹೊರೆ ಕೊಂಡವನ ಹೆಗಲಿಗೆ. "ಎಚ್ಚರದಿಂದ ನೋಡಿದ್ದರೆ ನಿನಗೇ ಕಾಣುತ್ತಿತ್ತು" ಎಂದರೆ ಅದೂ ಇವನ ಹೆಗಲಿಗೆ. ವಾಯಿದೆಯ ಮೇಲೆ ವಾಯಿದೆ ಬಿದ್ದು ವರ್ಷಗಳು ಕಳೆಯುವಷ್ಟರಲ್ಲಿ ಗೋಡೆ ತಾನೇ ಬಿದ್ದು ತೀರ್ಪು ಕೊಟ್ಟಿರುತ್ತದೆ.

2016ರಲ್ಲಿ ರೇರಾ ಕಾಯಿದೆ ಬಂತು. ಹೊಸ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದವರೆಗೆ ಕಟ್ಟಿಸಿದವನೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕೆಂದು ಅದು ವಿಧಿಸಿತು. ಒಳ್ಳೆಯ ಕಲಮು, ಸ್ವಾಗತ. ಆದರೆ ದೊಡ್ಡ ನಗರದ ಹೊಸ ಫ್ಲ್ಯಾಟು ಕೊಳ್ಳುವವನಿಗೆ ಸಿಕ್ಕಿದ ಈ ಆಸರೆ, ಜಿಲ್ಲಾ ಪಟ್ಟಣದ ಹಳೇ ಕೇರಿಯಲ್ಲಿ ಹೆಂಚಿನ ಮನೆ ಕೊಳ್ಳುವ ಬಸ್ ಕಂಡಕ್ಟರಿಗೆ, ಪ್ರಾಥಮಿಕ ಶಾಲೆಯ ಮೇಡಮ್ಮನಿಗೆ, ಆಸ್ಪತ್ರೆಯ ನರ್ಸಮ್ಮನಿಗೆ ಇಲ್ಲ. ಹೊಸ ಮನೆಗೆ ಕೈ ಹಾಕಲಾಗದವನೇ ಅಲ್ಲವೇ ಹಳೇ ಮನೆ ಹುಡುಕುವುದು? ಯಾರಿಗೆ ಆಸರೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ. ಇದು ನಮ್ಮ ದೇಶದ ಕಾಯಿದೆಗಳ ಹಳೆಯ ಚಾಳಿ.

"ಬ್ಯಾಂಕಿನವರು ಇಂಜಿನಿಯರನ್ನು ಕಳಿಸಿ ನೋಡಿಸುತ್ತಾರಲ್ಲ" ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಇದು ದೊಡ್ಡ ಭ್ರಮೆ. ಬ್ಯಾಂಕಿನ ಕಡೆಯಿಂದ ಬರುವವನು ಬೆಲೆ ಕಟ್ಟುವವನು. ನಾಳೆ ಸಾಲ ತೀರದಿದ್ದರೆ ಹರಾಜಿನಲ್ಲಿ ಎಷ್ಟು ಹುಟ್ಟುತ್ತದೆ ಎಂಬುದೇ ಅವನ ಲೆಕ್ಕ. ಸೈಟಿನ ಬೆಲೆ ಸಾಲಕ್ಕೆ ಸಾಟಿಯಾದರೆ ಬ್ಯಾಂಕಿಗೆ ನಿದ್ದೆ ಬರುತ್ತದೆ, ಮೇಲಿನ ಮನೆ ಸೋರಿದರೇನು, ಬಿದ್ದರೇನು? ಅವನ ಶುಲ್ಕ ಕಟ್ಟುವವನು ಸಾಲಗಾರ. ವರದಿ ಹೋಗುವುದು ಬ್ಯಾಂಕಿನ ಕಡತಕ್ಕೆ. ದುಡ್ಡು ನಮ್ಮದು, ಗುಟ್ಟು ಅವರದು!

ಹಾಗಾದರೆ ಪೂರ್ಣ ತಪಾಸಣೆ ಎಂದರೇನು? ಮಂತ್ರವಿದ್ಯೆಯೇನೂ ಅಲ್ಲ. ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ತಳಪಾಯ ಕುಗ್ಗಿದ್ದರ ಸುಳಿವಾಗಿರಬಹುದು. ಎರೆಭೂಮಿಯ ಊರುಗಳಲ್ಲಿ ಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ ಇದು ಇನ್ನೂ ಹೆಚ್ಚು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ಕೆಲವು ವಾರ ಬಿಟ್ಟು ನೋಡಿದರೆ ಅದು ಹಳೆಯದಾಗಿ ನಿಂತುಹೋದದ್ದೋ ಇನ್ನೂ ಬೆಳೆಯುತ್ತಿರುವುದೋ ತಿಳಿಯುತ್ತದೆ. ಬೆಳೆಯುತ್ತಿದ್ದರೆ ಗಾಜು ಸೀಳುತ್ತದೆ. ಮಲೆನಾಡಿನ ಹೆಂಚಿನ ಮನೆಯಲ್ಲಿ ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗವನ್ನು ಚುಚ್ಚಿ ನೋಡಬೇಕು. ತೇವ ಕುಡಿದು ಮರ ಮೊದಲು ಹುಳಿಯುವುದು ಅಲ್ಲೇ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಗೆದ್ದಲು ತಿಂದ ತೊಲೆ, ತಟ್ಟಿದರೆ ಟೊಳ್ಳು ದನಿ ಕೊಡುತ್ತದೆ. ಆರ್.ಸಿ.ಸಿ. ತಾರಸಿಯೊಳಗಿನ ಕಬ್ಬಿಣ ತುಕ್ಕು ಹಿಡಿದಾಗ ಉಬ್ಬುತ್ತದೆ, ಉಬ್ಬಿ ಕೆಳಗಿನ ಕಾಂಕ್ರೀಟನ್ನು ಒಡೆದು ಉದುರಿಸುತ್ತದೆ. ಆದ್ದರಿಂದ ಮಾಡಿನ ಒಂದೇ ಕಡೆ ಹೊಸ ಗಾರೆ ಕಂಡರೆ ಏಕೆ ಎಂದು ಕೇಳಬೇಕು. ನೆಲದಿಂದ ಮೊಣಕಾಲೆತ್ತರಕ್ಕೆ ಮಾತ್ರ ಹೊಸ ಸುಣ್ಣ ಬಳಿದಿದ್ದರೆ ಅದರಡಿ ತೇವವೇರಿ ಉಪ್ಪು ಬಿಟ್ಟ ಗೋಡೆ ಇರಬಹುದು. ಒಂದಂತಸ್ತಿಗೆಂದು ಹಾಕಿದ ತಳಪಾಯದ ಮೇಲೆ ಬಾಡಿಗೆಯ ಆಸೆಗೆ ಎರಡನೆಯದು, ಮೂರನೆಯದು ಎದ್ದಿದೆಯೇ? ವಿದ್ಯುತ್ ತಂತಿಗಳು ಯಾವ ಕಾಲದವು? ಅರ್ತಿಂಗ್ ಇದೆಯೇ? ಬಚ್ಚಲ ನೀರು ಎಲ್ಲಿ ಹೋಗುತ್ತದೆ, ಪಾಯಿಯ ಬುಡಕ್ಕೇ? 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕದಲ್ಲಿ ಹೊಳೆಗಳು ಊರು ಹೊಕ್ಕಾಗ ಎಷ್ಟೋ ಮಣ್ಣಿನ ಗೋಡೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಅಂಥ ಗೋಡೆ ಒಣಗಿ ಬಣ್ಣ ಕಂಡ ಮೇಲೆ ಬರಿಗಣ್ಣಿಗೆ ಗುರುತು ಸಿಗುವುದೇ?

ಇದು ಅತಿರೇಕದ ಹೆದರಿಕೆ ಎನ್ನುವವರು ಮೈಸೂರನ್ನು ನೆನೆಯಲಿ. 2012ರ ಆಗಸ್ಟ್ 25ರಂದು ಅಲ್ಲಿಯ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ನೆಲಕ್ಕೆ ಬಂತು. ಇವು ನಗರದ ನಟ್ಟನಡುವೆ ನಿಂತು ದಿನವೂ ಸಾವಿರಾರು ಜನರ ಕಣ್ಣಿಗೆ ಬೀಳುತ್ತಿದ್ದ ಸಾರ್ವಜನಿಕ ಕಟ್ಟಡಗಳು. ಅವುಗಳ ಗತಿಯೇ ಹೀಗಾದರೆ ಹಿತ್ತಲ ಓಣಿಯ ಮನೆಯ ಸುದ್ದಿ ಕೇಳುವವರಾರು?

ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ಹಳೆಯದೆಲ್ಲ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಸುಣ್ಣದ ಗಾರೆ, ಹಲಸಿನ ತೊಲೆ, ಅಳತೆಗೆ ಕಡಿದ ಜಂಬಿಟ್ಟಿಗೆ ಕಲ್ಲಿನ ಮನೆಗಳು ಮೂರು ತಲೆಮಾರು ಕಂಡು ಇನ್ನೂ ಗಟ್ಟಿಯಾಗಿ ನಿಂತಿವೆ. ಅವನ್ನು ಕಟ್ಟಿದ ಮೇಸ್ತ್ರಿಗಳಿಗೂ ಬಡಗಿಗಳಿಗೂ ನಮ್ಮ ನಮಸ್ಕಾರ. ಅಂಥ ಮನೆಯ ಒಡೆಯನಿಗೂ ತಪಾಸಣೆಯಿಂದಲೇ ನ್ಯಾಯ. ಇಂದು ದಲ್ಲಾಳಿಗೆ ಎರಡು ನಾಲಗೆ. ಬಡವನಿಂದ ಮನೆ ಕೊಳ್ಳುವಾಗ "ಹಳೇ ಕಟ್ಟಡಕ್ಕೆ ಬೆಲೆಯೆಲ್ಲಿದೆ, ಸೈಟಿಗೆ ಮಾತ್ರ ಕೊಡುತ್ತೇವೆ" ಎನ್ನುತ್ತಾನೆ. ಅದೇ ಮನೆಯನ್ನು ಇನ್ನೊಬ್ಬ ಬಡವನಿಗೆ ಮಾರಿಸುವಾಗ "ಹಳೇ ಕಾಲದ ಕಟ್ಟಡ ಸಾರ್, ಬಂಡೆ ಇದ್ದ ಹಾಗಿದೆ" ಎನ್ನುತ್ತಾನೆ. ಗೋಡೆಯ ನಿಜಸ್ಥಿತಿ ಕಾಗದದ ಮೇಲೆ ಬಂದ ದಿನ ಎರಡು ನಾಲಗೆಗಳಲ್ಲಿ ಒಂದಾದರೂ ಉದುರಿ ಹೋಗುತ್ತದೆ.

ನಮ್ಮ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ಗಂಭೀರವಾದದ್ದು. "ಇನ್ನೊಂದು ಪ್ರಮಾಣಪತ್ರ, ಇನ್ನೊಂದು ಮೇಜು, ಮೇಜಿನ ಕೆಳಗೆ ಇನ್ನೊಂದು ಕೈ" ಎಂದು ಜನ ಹೇಳುತ್ತಾರೆ. ಸರ್ಕಾರಿ ಕಛೇರಿಗಳ ಮೆಟ್ಟಿಲು ಹತ್ತಿ ಸವೆದವರ ಈ ಅನುಮಾನ ನ್ಯಾಯವಾದದ್ದೇ. ಅದಕ್ಕೇ ನಾವು ಕೇಳುವುದು ಪರವಾನಗಿಯನ್ನಲ್ಲ, ವರದಿಯನ್ನು. ಮನೆ ಕೆಟ್ಟಿದ್ದರೂ ಮಾರಬಹುದು, ಕೊಳ್ಳಬಹುದು. ನೋಂದಣಿಯನ್ನು ಯಾರೂ ತಡೆಯಕೂಡದು. ತಡೆಯುವ ಅಧಿಕಾರವಿಲ್ಲದವನಿಗೆ ಲಂಚ ಏಕೆ ಕೊಡಬೇಕು? ಆದರೆ ಕೆಟ್ಟದ್ದನ್ನು ಕೆಟ್ಟದ್ದೆಂದು ತಿಳಿದು, ಕೆಟ್ಟದ್ದರ ಬೆಲೆಗೆ ಕೊಳ್ಳುವಂತಾಗಬೇಕು.

ಇದು ಕನಸಿನ ಮಾತೂ ಅಲ್ಲ. ಸ್ಕಾಟ್ಲೆಂಡಿನಲ್ಲಿ 2008ರ ಡಿಸೆಂಬರ್ 1ರಿಂದ ಹಳೇ ಮನೆ ಮಾರಾಟಕ್ಕಿಡುವವನು ಅರ್ಹ ತಪಾಸಕನ ವರದಿಯನ್ನು ತಾನೇ ಮಾಡಿಸಿ ಕೊಳ್ಳಲು ಬಂದವರಿಗೆ ತೋರಿಸಬೇಕು. ಮಾರಾಟಕ್ಕಿಡುವ ಹೊತ್ತಿಗೆ ಆ ವರದಿ ಹನ್ನೆರಡು ವಾರಕ್ಕಿಂತ ಹಳೆಯದಾಗಿರಬಾರದು. ಪಕ್ಕದ ಇಂಗ್ಲೆಂಡಿನಲ್ಲಿ ಇಂಥದ್ದೇ ಮಾಹಿತಿ ಕಟ್ಟನ್ನು 2007ರಲ್ಲಿ ತಂದು, ಕಟ್ಟಡದ ಸ್ಥಿತಿಯ ವರದಿಯನ್ನು ಕಡ್ಡಾಯ ಮಾಡದೆ ಬಿಟ್ಟರು. ತಿರುಳಿಲ್ಲದ ಆ ಕಟ್ಟನ್ನು 2010ರಲ್ಲಿ ಕೈಬಿಟ್ಟರು. ಎರಡರಿಂದಲೂ ಪಾಠವಿದೆ. ಗೋಡೆಯನ್ನು ಬಿಟ್ಟು ಕಾಗದವನ್ನಷ್ಟೇ ಹೆಚ್ಚಿಸಿದರೆ ಅದು ನಿಲ್ಲುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಮೂವತ್ತು ವರ್ಷ ದಾಟಿದ ಮನೆಯ ಮಾರಾಟಕ್ಕೆ ಮುನ್ನ ಅರ್ಹ ಇಂಜಿನಿಯರೊಬ್ಬರ ಪೂರ್ಣ ತಪಾಸಣಾ ವರದಿ ಆಗಬೇಕು. ಏರಿಸಿದ ನೋಂದಣಿ ಶುಲ್ಕದಲ್ಲೇ ಅದರ ಖರ್ಚು ಕಳೆಯಬೇಕು. ಜನರ ಮೇಲೆ ಹೊಸ ಹೊರೆ ಬೀಳಕೂಡದು.

2. ಪ್ರತಿ ತಾಲ್ಲೂಕಿನಲ್ಲೂ ಇಂಥ ಇಂಜಿನಿಯರುಗಳ ಪಟ್ಟಿ ಪ್ರಕಟವಾಗಬೇಕು. ಕಣ್ಣುಮುಚ್ಚಿ ರುಜು ಹಾಕಿದವನು ನಷ್ಟಕ್ಕೆ ಹೊಣೆಯಾಗಬೇಕು.

3. ಮನೆಯ ವಯಸ್ಸು, ನೆರೆ ನುಗ್ಗಿದ್ದು, ಗೆದ್ದಲು, ರಿಪೇರಿ, ಮೇಲೇರಿಸಿದ ಅಂತಸ್ತು, ಇವುಗಳ ಬಗ್ಗೆ ಮಾರುವವರ ಲಿಖಿತ ಹೇಳಿಕೆ ಕ್ರಯಪತ್ರದ ಭಾಗವಾಗಬೇಕು. ಆಗ "ನನಗೆ ಗೊತ್ತಿರಲಿಲ್ಲ" ಎಂಬ ಆಟ ನಡೆಯದು.

4. ಬ್ಯಾಂಕಿನ ಮೌಲ್ಯಮಾಪನ ವರದಿಯ ಪ್ರತಿ, ಹಣ ಕಟ್ಟಿದ ಸಾಲಗಾರನಿಗೆ ಕೈಸೇರಬೇಕು.

5. ಎಲ್ಲ ವರದಿಗಳೂ ಕನ್ನಡದಲ್ಲಿ, ಗಾರೆ ಮೇಸ್ತ್ರಿಗೂ ಅರ್ಥವಾಗುವ ಮಾತಿನಲ್ಲಿ ಇರಬೇಕು. ಅರ್ಥವಾಗದ ಭಾಷೆಯ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ.

ಇವೆಲ್ಲ ತಾವಾಗಿ ಬರುವುದಿಲ್ಲ, ಹೋರಾಡಿ ತರಬೇಕು. ಅಲ್ಲಿಯವರೆಗೆ ನಮ್ಮ ಓದುಗರು ಕೈಕಟ್ಟಿ ಕೂರಬೇಕಾಗಿಲ್ಲ. ಮುಂಗಡ ಕೊಡುವ ಮೊದಲು ತಪಾಸಣೆ ಮಾಡಿಸಿರಿ. ಮೊದಲೇ ಕೊಡಬೇಕಾಗಿ ಬಂದರೆ, ತಪಾಸಣೆಯಲ್ಲಿ ದೊಡ್ಡ ದೋಷ ಕಂಡರೆ ಮುಂಗಡ ಪೂರ್ತಿ ವಾಪಸು ಎಂದು ಕರಾರಿನಲ್ಲಿ ಬರೆಸಿರಿ. ದಲ್ಲಾಳಿ ತೋರಿಸಿದ ಇಂಜಿನಿಯರು ಬೇಡ. ನೀವೇ ಹುಡುಕಿದವರು ಬರಲಿ, ಜೊತೆಗೆ ಊರಿನ ಹಿರಿಯ ಮೇಸ್ತ್ರಿ, ಬಡಗಿ ಇಬ್ಬರನ್ನೂ ಕರೆದೊಯ್ಯಿರಿ. ಸಾಧ್ಯವಾದರೆ ಮನೆಯನ್ನು ಒಮ್ಮೆ ಮಳೆಯಲ್ಲಿ ನೋಡಿರಿ. ಮೊದಲು ಬಾಡಿಗೆಗಿದ್ದವರನ್ನು ವಿಚಾರಿಸಿರಿ. ಸೋರುವ ಜಾಗದಲ್ಲಿ ಪಾತ್ರೆ ಇಟ್ಟವರಿಗೆ ತಿಳಿದಷ್ಟು ಮತ್ತಾರಿಗೂ ತಿಳಿಯದು. ವರದಿ ಕೈಗೆ ಬಂದ ಮೇಲೆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿರೆಂದು ಕೇಳಿರಿ. ನಾಚಿಕೆ ಬೇಡ. ಅದು ಭಿಕ್ಷೆಯಲ್ಲ, ಲೆಕ್ಕ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಅವರ ದೂರುಗಳಲ್ಲಿ ಮುಖ್ಯವಾದ ಒಂದು, ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ್ದು. ದೊಡ್ಡ ಕೊಳಗದಲ್ಲಿ ಅಳೆದು ಸಣ್ಣ ಕೊಳಗದ ಲೆಕ್ಕ ಬರೆಯುವುದನ್ನು ಅವರು ಒಪ್ಪಲಿಲ್ಲ. ಅಳತೆ ಸರಿಯಿರಲಿ ಎಂದು ಕೇಳಿದ್ದಕ್ಕೆ ಸೆರೆಮನೆ ಕಂಡರು, ಡಾ. ಲೋಹಿಯಾ ಅವರೂ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಇಂದು ಹಳೇ ಮನೆ ಕೊಳ್ಳುವ ದುಡಿಯುವ ಜನರ ಎದುರಿಗಿರುವುದೂ ಅದೇ ಸುಳ್ಳು ಕೊಳಗ. ಬೆಲೆ ಕಟ್ಟುವಾಗ ಗಟ್ಟಿ ಮನೆ, ವಾಸಕ್ಕೆ ಹೋದಾಗ ಟೊಳ್ಳು ಗೋಡೆ. ಅಂದಿನವರು ಕೇಳಿದ್ದನ್ನೇ ನಾವೂ ಕೇಳುತ್ತೇವೆ: ಮೊದಲು ಅಳೆಯಿರಿ, ಆಮೇಲೆ ಬೆಲೆ ಹೇಳಿರಿ!