ಅಪ್ಪನ್ನ ಕರ್ಕೊಂಡು ಬಾ

"ನಾಳೆ ಅಪ್ಪನ್ನ ಕರ್ಕೊಂಡು ಬಾ. ಇಲ್ದಿದ್ರೆ ಕ್ಲಾಸಿಗೆ ಬರ್ಬೇಡ."

ಗೆಳೆಯರೆ, ಹೈಸ್ಕೂಲಿನ ಮೆಟ್ಟಿಲು ಹತ್ತಿದ ನಮ್ಮ ಕೇರಿಯ ಮಕ್ಕಳಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಮೂರು ದಿನ ಬರಲಿಲ್ಲ, ಅಪ್ಪನ್ನ ಕರ್ಕೊಂಡು ಬಾ. ಗಣಿತದಲ್ಲಿ ಫೇಲು, ಅಪ್ಪನ್ನ ಕರ್ಕೊಂಡು ಬಾ. ತಲೆ ಎತ್ತಿ ಒಂದು ಪ್ರಶ್ನೆ ಕೇಳಿದೆ, ಅಪ್ಪನ್ನ ಕರ್ಕೊಂಡು ಬಾ. ಈ ಮಾತು ಕೇಳಿ ಊರಗೌಡರ ಮಗ ನಗುತ್ತಾನೆ. ಅವನ ಅಪ್ಪ ಮಾರನೆಯ ದಿನ ಬೈಕಿನಲ್ಲಿ ಬರುತ್ತಾನೆ, ಹೆಡ್‌ಮೇಷ್ಟ್ರ ಎದುರು ಕುರ್ಚಿ ಎಳೆದುಕೊಂಡು ಕೂರುತ್ತಾನೆ, ಟೀ ಕುಡಿದು ಹೋಗುತ್ತಾನೆ. ನಮ್ಮ ಅಪ್ಪ ಎಲ್ಲಿಂದ ಬರಬೇಕು?

ನಮ್ಮಕ್ಕನ ಓದು ಈ ಒಂದು ಮಾತಿಗೆ ನಿಂತುಹೋಯಿತು.

ಅದು 2011. ಅಕ್ಕ ಒಂಬತ್ತನೇ ಕ್ಲಾಸು, ನಾನು ಆರನೇ ಕ್ಲಾಸು. ಅಜ್ಜಿ ಹಾಸಿಗೆ ಹಿಡಿದಿದ್ದಳು. ಭತ್ತದ ನಾಟಿಯ ಕಾಲ. ಅವ್ವ ಒಂದು ದಿನ ಗದ್ದೆಗೆ ಇಳಿಯದಿದ್ದರೆ ಒಲೆ ಹತ್ತುತ್ತಿರಲಿಲ್ಲ. ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸ. ತಿಂಗಳಿಗೋ ಎರಡು ತಿಂಗಳಿಗೋ ಒಂದು ಸಲ ಊರಿಗೆ ಬರುತ್ತಿದ್ದ. ಅಜ್ಜಿಗೆ ಗಂಜಿ ಕುಡಿಸಿ ಮೈ ಒರೆಸುವುದಕ್ಕೆ ಅಕ್ಕ ಹದಿನೆಂಟು ದಿನ ಮನೆಯಲ್ಲಿ ಉಳಿದಳು. ಅಜ್ಜಿಯನ್ನು ಮಣ್ಣು ಮಾಡಿದ ಮೇಲೆ ಯೂನಿಫಾರಂ ಒಗೆದು ಹಾಕಿಕೊಂಡು ನಾಲ್ಕು ಕಿಲೋಮೀಟರ್ ನಡೆದು ಸ್ಕೂಲಿಗೆ ಹೋದಳು. ಬಾಗಿಲಲ್ಲೇ ತಡೆದರು. ಅಪ್ಪನ್ನ ಕರ್ಕೊಂಡು ಬಾ. ಎರಡನೇ ದಿನವೂ ಅದೇ ಮಾತು. ಮೂರನೇ ದಿನ ಅವ್ವ ಕೂಲಿ ಬಿಟ್ಟು ತಾನೇ ಹೋದಳು. ಅಲ್ಲಿ ಅವಳಿಗೆ ಸಿಕ್ಕ ಉತ್ತರ: "ಗಂಡಸ್ರನ್ನ ಕಳ್ಸಮ್ಮ. ನಿಂಗೇನ್ ಗೊತ್ತಾಗುತ್ತೆ?"

ಅವ್ವ ವಾಪಸ್ಸು ಬಂದಳು. ಅಕ್ಕ ಮತ್ತೆ ಹೋಗಲಿಲ್ಲ. ಮಾರನೇ ವರ್ಷದ ಹೊತ್ತಿಗೆ ಆ ಯೂನಿಫಾರಮ್ಮಿನ ಲಂಗ ಒಲೆ ಮುಂದಿನ ಮಸಿಬಟ್ಟೆಯಾಗಿತ್ತು. ಇವತ್ತು ಅಕ್ಕ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಗಂಟೆಗೆ ಇಷ್ಟು ಪೀಸು ಎಂದು ಲೆಕ್ಕ ಕೊಡುತ್ತಾಳೆ. ಗಣಿತದಲ್ಲಿ ಕ್ಲಾಸಿಗೇ ಮೊದಲಿದ್ದವಳು ಅವಳು.

ಅವಳು ಯಾಕೆ ಬರುತ್ತಿಲ್ಲ ಎಂದು ಕೇಳುವುದಕ್ಕೆ ಒಬ್ಬರಾದರೂ ನಮ್ಮ ಕೇರಿಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಏನು ಬರೆದುಕೊಂಡರೋ ಗೊತ್ತಿಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ಏನು ಮಾತಾಡಿರುತ್ತಾರೆ ಎಂಬುದು ಗೊತ್ತು. "ಈ ಜನಕ್ಕೆ ಓದು ಬೇಕಿಲ್ಲ. ಪೋಷಕರ ಸಹಕಾರವೇ ಇಲ್ಲ."

ಇದು ಸುಳ್ಳು. ಹಸಿ ಸುಳ್ಳು.

ಸಹಕಾರ ಎಂದರೆ ಏನು ಸ್ವಾಮಿ? ತನ್ನ ಹೊಟ್ಟೆಗೆ ಅರ್ಧ ಮುದ್ದೆ ಕಡಿಮೆ ಮಾಡಿಕೊಂಡು ನೋಟ್‌ಬುಕ್ಕು ತರುವುದು ಸಹಕಾರವಲ್ಲವೆ? ನಾಡಕಚೇರಿಯ ಮುಂದೆ ಮೂರು ದಿನ ಕೂಲಿ ಕಳೆದುಕೊಂಡು ಜಾತಿ ಆದಾಯ ಪತ್ರ ಮಾಡಿಸುವುದು ಸಹಕಾರವಲ್ಲವೆ? ಮಗನಿಗೆ ಪರೀಕ್ಷೆ ಎಂದು ರಾತ್ರಿಯೆಲ್ಲ ಟಿವಿ ಆರಿಸಿ, ಮಾತಾಡದೆ ಗೋಡೆಗೊರಗಿ ಕೂರುವುದು ಸಹಕಾರವಲ್ಲವೆ? ನಮ್ಮ ತಾಯಂದಿರು ಸಹಕಾರ ಕೊಡುತ್ತಲೇ ಬಂದಿದ್ದಾರೆ. ಇವರಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಸಭೆಗೆ ಬಂದವರ ಸಹಿ ಮಾತ್ರ ಇವರಿಗೆ ಲೆಕ್ಕ.

ಆ ಸಭೆಯ ಕತೆಯನ್ನೂ ಹೇಳುತ್ತೇನೆ. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ, 2016ರ ಜನವರಿಯಲ್ಲಿ, ಪೋಷಕರ ಸಭೆ ಎಂದು ಚೀಟಿ ಕೊಟ್ಟರು. ಹೊತ್ತು ಬೆಳಿಗ್ಗೆ ಹನ್ನೊಂದು ಗಂಟೆ. ಹನ್ನೊಂದು ಗಂಟೆಗೆ ಬಿಡುವಾಗಿರುವವರು ಈ ದೇಶದಲ್ಲಿ ಯಾರು? ಅವ್ವ 200 ರೂಪಾಯಿ ಕೂಲಿ ಬಿಟ್ಟು, ಹಬ್ಬದ ಸೀರೆ ಉಟ್ಟುಕೊಂಡು ಬಂದಳು. ಮುಂದಿನ ಬೆಂಚುಗಳಲ್ಲಿ ಊರಿನವರು ಕೂತಿದ್ದರು. ನಮ್ಮವರು ಬಾಗಿಲ ಬಳಿ, ಗೋಡೆಗೆ ಬೆನ್ನು ಕೊಟ್ಟು ನಿಂತರು. ಯಾರೂ ನಿಲ್ಲಿ ಎನ್ನಲಿಲ್ಲ. ಕೂರಿ ಎಂದೂ ಅನ್ನಲಿಲ್ಲ. ಶತಮಾನಗಳಿಂದ ಕಲಿಸಿದ ಪಾಠ ಕಾಲಿಗೇ ಗೊತ್ತಿರುತ್ತದೆ. ರಿಸಲ್ಟು, ಶೇಕಡಾವಾರು, ಜಿಲ್ಲೆಯಲ್ಲಿ ನಮ್ಮ ಸ್ಥಾನ ಎಂದು ಒಂದು ಗಂಟೆ ಭಾಷಣವಾಯಿತು. ಕೊನೆಗೆ ಒಂದು ಪುಸ್ತಕ ಬಂತು. ಅವ್ವ ಹೆಬ್ಬೆಟ್ಟು ಒತ್ತಿದಳು. ಬೆರಳಿನ ಮಸಿಯನ್ನು ಆ ಹಬ್ಬದ ಸೀರೆಯ ಸೆರಗಿಗೇ ಒರೆಸಿಕೊಂಡಳು. ದಾರಿಯಲ್ಲಿ ಕೇಳಿದಳು: "ಅದೇನ್ ಬರ್ದಿದ್ರು ಮಗ, ಆ ಬುಕ್ಕಲ್ಲಿ?" ನನಗೂ ಗೊತ್ತಿರಲಿಲ್ಲ.

ಈಗ ಹೊಸ ಮಾತು ಬಂದಿದೆ. ಪೋಷಕರು ಶಾಲೆಯ ಪಾಲುದಾರರು ಅಂತೆ. ಪಾಲು ಎಂಬ ಮಾತು ನಮಗೆ ಹೊಸದೇನಲ್ಲ. ನಮ್ಮ ತಾತ ಗೌಡರ ಜಮೀನನ್ನು ವಾರಕ್ಕೆ ಮಾಡಿದವನು. ಉಳುಮೆ ಅವನದು, ಬಿತ್ತನೆ ಅವನದು, ಕಾವಲು ಅವನದು. ಕಣದಲ್ಲಿ ರಾಶಿಯಾದ ಮೇಲೆ ಅಳೆಯುವ ಕೊಳಗ ಮಾತ್ರ ಗೌಡರದು. ಶಾಲೆಯ ಪಾಲುದಾರಿಕೆಯೂ ಹಾಗೇ ಇದೆ. ಮಗು ನಮ್ಮದು, ಕಷ್ಟ ನಮ್ಮದು. ಅಳೆಯುವ ಕೊಳಗ ಅವರದು. ಪೋಷಕ ಎಂಬ ಪದವನ್ನೇ ನೋಡಿ. ಊರಿನ ನಾಟಕದ ಕರಪತ್ರದಲ್ಲಿ ಪೋಷಕರು, ಮಹಾಪೋಷಕರು ಎಂದರೆ ದುಡ್ಡು ಕೊಟ್ಟ ಧಣಿಗಳು. ಶಾಲೆಯಲ್ಲೂ ಆ ಅರ್ಥವೇ ನಡೆಯುತ್ತಿದೆ.

ಕಾನೂನು ಏನು ಹೇಳುತ್ತದೆ? ಕಡ್ಡಾಯ ಶಿಕ್ಷಣದ ಹಕ್ಕಿನ ಕಾನೂನು 2009ರಲ್ಲಿ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 21ನೇ ಕಲಮಿನ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು. ಅರ್ಧದಷ್ಟು ಹೆಂಗಸರಿರಬೇಕು. ನಮ್ಮಂಥವರ ಮಕ್ಕಳ ತಂದೆತಾಯಿಗಳಿಗೆ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು. 24ನೇ ಕಲಮನ್ನು ಗ್ರಾಮಾಂತರದ ಮೇಷ್ಟ್ರುಗಳು ಇನ್ನೊಮ್ಮೆ ಓದಿಕೊಳ್ಳಬೇಕು. ಪೋಷಕರ ಜೊತೆ ತಪ್ಪದೆ ಸಭೆ ನಡೆಸಿ, ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿತಿರುವುದು ಎಷ್ಟು ಎಂದು ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದು ಅಲ್ಲಿ ಬರೆದಿದೆ. "ಗಂಡಸ್ರನ್ನ ಕಳ್ಸಮ್ಮ" ಎಂದು ಯಾವ ಕಲಮಿನಲ್ಲೂ ಬರೆದಿಲ್ಲ.

ಆದರೆ ಈ ಕಾನೂನಿನ ಕೈ ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ನಮ್ಮಲ್ಲಿ ಹೈಸ್ಕೂಲು ಎಂದರೆ ಎಂಟು, ಒಂಬತ್ತು, ಹತ್ತು. ನಮ್ಮ ಮಕ್ಕಳ ದುಡಿಯುವ ಕೈಗೆ ಬೆಲೆ ಬರುವುದು ಆ ವಯಸ್ಸಿನಲ್ಲೇ. ಹುಡುಗಿಯರಿಗೆ ಗಂಡು ಹುಡುಕಲು ಶುರುಮಾಡುವುದು ಆ ವಯಸ್ಸಿನಲ್ಲೇ. ಸರಿಯಾಗಿ ಅಲ್ಲೇ ಕಾನೂನು ಕೈಬಿಡುತ್ತದೆ. ಅಕ್ಕ ಶಾಲೆ ಬಿಡುವ ಹೊತ್ತಿಗೆ ಕಾನೂನು ಬಂದು ವರ್ಷದ ಮೇಲಾಗಿತ್ತು. ಅವಳು ಒಂದೇ ಒಂದು ಕ್ಲಾಸು ಮುಂದಿದ್ದಳು.

ಈ ಜಗಳ ಇವತ್ತಿನದಲ್ಲ. 1882ರಲ್ಲಿ ಬ್ರಿಟಿಷ್ ಸರ್ಕಾರದ ಹಂಟರ್ ಆಯೋಗ ಬಂದಾಗ ಜೋತಿಬಾ ಫುಲೆ ಅದರ ಮುಂದೆ ತಮ್ಮ ಹೇಳಿಕೆ ಇಟ್ಟರು. ಹನ್ನೆರಡು ವರ್ಷದವರೆಗಾದರೂ ಶಿಕ್ಷಣ ಕಡ್ಡಾಯವಾಗಲಿ ಎಂದರು. ಮೇಷ್ಟ್ರುಗಳು ಆದಷ್ಟೂ ಬೇಸಾಯಗಾರ ಜನರ ನಡುವಿನಿಂದಲೇ ತಯಾರಾಗಲಿ, ಅಂಥವರು ಜನರ ಜೊತೆ ಬೆರೆಯಬಲ್ಲರು, ಅವರ ಕಷ್ಟ ಬೇಕುಬೇಡಗಳನ್ನು ಅರಿಯಬಲ್ಲರು ಎಂದರು. ಹೇಳಿ ನೂರನಲವತ್ತು ವರ್ಷ ದಾಟಿತು. ನಮ್ಮ ಹೈಸ್ಕೂಲಿನ ಮೇಷ್ಟ್ರು ಸಂಜೆ ಬಸ್ಸಿಗೆ ಟೌನಿಗೆ ಹೋಗುತ್ತಾರೆ. ಕೇರಿಯ ಬೀದಿ ಯಾವ ಕಡೆ ಇದೆ ಎಂಬುದು ಅವರಿಗೆ ಗೊತ್ತಿಲ್ಲ.

ಪೋಷಕರ ಮಾತಿಗೆ ಶಾಲೆಯಲ್ಲಿ ಬೆಲೆಯೇ ಇಲ್ಲ ಎಂದಲ್ಲ. ಬೆಲೆ ಇದೆ, ಯಾವ ಜಾತಿಯ ಪೋಷಕರು ಎಂಬುದನ್ನು ನೋಡಿಕೊಂಡು. 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಒಂದು ಹಳ್ಳಿಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬಿಸಿಯೂಟ ಬೇಯಿಸುವವಳು ದಲಿತ ಹೆಣ್ಣುಮಗಳು ಎಂಬ ಕಾರಣಕ್ಕೆ ಸರ್ಕಾರಿ ಪ್ರಾಥಮಿಕ ಶಾಲೆಯಿಂದ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು ಎಂಬ ಸುದ್ದಿ. ಸುದ್ದಿ ಹೊರಬಿದ್ದ ಕೂಡಲೇ ಅಧಿಕಾರಿಗಳು ಆ ಊರಿಗೆ ಓಡಿದರು, ಆ ಪೋಷಕರನ್ನು ಕೂರಿಸಿಕೊಂಡು ಮಾತಾಡಿದರು. ಮಾತಾಡಲಿ, ತಪ್ಪಲ್ಲ. ನಮ್ಮ ಪ್ರಶ್ನೆ ಇಷ್ಟೇ: ನಮ್ಮ ಕೇರಿಯ ಹುಡುಗಿ ಹದಿನೆಂಟು ದಿನ ಬಾರದಿದ್ದರೆ ಯಾವ ಅಧಿಕಾರಿ ಓಡಿ ಬರುತ್ತಾನೆ?

2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಕ್ಲೀನ್ ಮಾಡಿಸಿದರು. ವಿಡಿಯೋ ಹೊರಗೆ ಬಂದ ಮೇಲೆ ಕೇಸಾಯಿತು, ಬಂಧನಗಳಾದವು. ಆ ಮಕ್ಕಳ ತಂದೆತಾಯಿಗಳು ದಿನವೂ ಶಾಲೆಯ ಒಳಗೆ ಧೈರ್ಯವಾಗಿ ಕಾಲಿಡುವಂತಿದ್ದರೆ, ಮಕ್ಕಳನ್ನು ಗುಂಡಿಗೆ ಇಳಿಸುವ ಧೈರ್ಯ ಯಾರಿಗೆ ಬರುತ್ತಿತ್ತು? ಗೆಳೆಯರೆ, ಪೋಷಕರ ಸಭೆ ಎಂಬುದು ಬಿಸ್ಕೆಟ್ಟು ಟೀ ವಿಷಯವಲ್ಲ. ನಮ್ಮ ಮಕ್ಕಳ ಮಾನ ಉಳಿಯುವ ವಿಷಯ.

"ಕೇರಿಗೆ ಬಂದು ಸಭೆ ಮಾಡುವುದು ಆಗದ ಮಾತು" ಎನ್ನುವವರಿಗೆ ಒಂದು ನೆನಪು. 2020ರ ಕೊರೊನಾ ಕಾಲದಲ್ಲಿ ಇದೇ ಸರ್ಕಾರಿ ಇಲಾಖೆ ವಿದ್ಯಾಗಮ ಎಂದು ಹೆಸರಿಟ್ಟು ಮೇಷ್ಟ್ರುಗಳನ್ನು ಊರೂರಿಗೆ ಕಳಿಸಿತ್ತು. ಅರಳಿಕಟ್ಟೆ, ಜಗಲಿ, ಮರದ ನೆರಳುಗಳು ಶಾಲೆಯಾದವು. ರೋಗ ಹರಡುತ್ತದೆ ಎಂಬ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ನಿಂತದ್ದು ಸರಿ. ಆದರೆ ಶಾಲೆಗೆ ಕಾಲಿದೆ, ಅದು ನಡೆದು ಬರಬಲ್ಲದು ಎಂಬುದು ಆಗ ರುಜುವಾತಾಯಿತು. ಬಂದ ಶಾಲೆ ಯಾವ ಜಗಲಿಯಲ್ಲಿ ಕೂತಿತು, ಆ ಜಗಲಿ ನಮ್ಮ ಮಕ್ಕಳಿಗೆ ಸಲ್ಲುತ್ತಿತ್ತೇ ಎಂಬುದನ್ನು ನಿಮ್ಮ ನಿಮ್ಮ ಊರಿನಲ್ಲಿ ನೀವೇ ಕೇಳಿಕೊಳ್ಳಿ.

ಮೇಷ್ಟ್ರುಗಳ ಕಷ್ಟ ನಮಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಹುದ್ದೆಗಳು ಖಾಲಿ ಬಿದ್ದಿವೆ. ಅತಿಥಿ ಶಿಕ್ಷಕ ಎಂಬ ಹೆಸರಿನಲ್ಲಿ ನಮ್ಮ ಗೆಳೆಯರೇ ಅರೆಹೊಟ್ಟೆಯಲ್ಲಿ ಪಾಠ ಮಾಡುತ್ತಿದ್ದಾರೆ. ಪಾಠಕ್ಕಿಂತ ಫಾರಂ ತುಂಬುವುದೇ ಹೆಚ್ಚಾಗಿದೆ. ಆದರೆ ಈ ಕಷ್ಟವನ್ನು ನಮ್ಮ ತಾಯಂದಿರ ತಲೆಗೆ ಕಟ್ಟಿದರೆ ಅದು ಇಳಿಯುತ್ತದೆಯೆ? ಕೇರಿಗೆ ಬಂದು ಹೇಳಿ. ಮೇಷ್ಟ್ರಿಲ್ಲದ ಕ್ಲಾಸಿಗೆ ಮೇಷ್ಟ್ರು ಬೇಕು ಎಂದು ಬಿಇಓ ಆಫೀಸಿನ ಮುಂದೆ ನಿಮ್ಮ ಜೊತೆ ಕೂರುವವರು ನಮ್ಮ ತಾಯಂದಿರೇ.

ನಮ್ಮ ಅಂಗಳದ ಕಸವನ್ನೂ ನಾವು ಗುಡಿಸಿಕೊಳ್ಳಬೇಕು. ಏಪ್ರಿಲ್ 14ಕ್ಕೆ ನಮ್ಮ ಕೇರಿಯಲ್ಲಿ ಮೈಕು ಕಟ್ಟುತ್ತೇವೆ, ಬ್ಯಾನರು ಕಟ್ಟುತ್ತೇವೆ. ಶಿಕ್ಷಣ, ಸಂಘಟನೆ, ಹೋರಾಟ ಎಂದು ಗಂಟಲು ಹರಿಯುವಂತೆ ಕೂಗುತ್ತೇವೆ. ಈ ವರ್ಷ ಒಂಬತ್ತನೇ ಕ್ಲಾಸಿನಿಂದ ನಮ್ಮ ಬೀದಿಯ ಎಷ್ಟು ಹುಡುಗಿಯರು ನಿಂತುಹೋದರು ಎಂದರೆ ನಮ್ಮ ಸಂಘದ ಪದಾಧಿಕಾರಿಗಳಿಗೆ ಗೊತ್ತಿಲ್ಲ. ನಮ್ಮ ಸಂಘದ ಸಭೆಗಳಲ್ಲೂ ಹೆಂಗಸರು ಬಾಗಿಲ ಬಳಿಯೇ ನಿಂತಿರುತ್ತಾರೆ. ಡಿಗ್ರಿ ಮುಗಿಸಿದ ನಾನು ಮೈಸೂರಿನ ರೂಮಿನಲ್ಲಿ ಕೂತು ಅವ್ವನ ಮೇಲೆ ಪದ್ಯ ಬರೆಯುತ್ತಿದ್ದೆ. ಅವ್ವ ಹೆಬ್ಬೆಟ್ಟು ಒತ್ತುತ್ತಲೇ ಇದ್ದಳು. ನನ್ನ ತಮ್ಮ ಹೈಸ್ಕೂಲಿಗೆ ಬಂದಿದ್ದ.

ಕಳೆದ ವರ್ಷ ನಾವು ನಾಲ್ಕು ಜನ ಗೆಳೆಯರು ಒಂದು ಕೆಲಸ ಮಾಡಿದೆವು. ಸಭೆಯ ಹಿಂದಿನ ರಾತ್ರಿ ಕೇರಿಯ ತಾಯಂದಿರನ್ನು ಒಂದೆಡೆ ಕೂರಿಸಿದೆವು. ನೋಟಿಸು ವಾಟ್ಸಾಪಿನಲ್ಲಿ ಬಂದಿತ್ತು. ಅವರ ಕೈಯಲ್ಲಿದ್ದದ್ದು ಕೀಪ್ಯಾಡು ಫೋನು. ಓದಿ ಹೇಳಿದೆವು. ಬೆಳಿಗ್ಗೆ ಜೊತೆಯಲ್ಲಿ ಹೋದೆವು. "ನೀವ್ಯಾರಪ್ಪ?" ಎಂದರು. "ಇವರ ಮಕ್ಕಳು ಸಾರ್" ಎಂದೆವು. ಒಳಗೆ ಹೋಗಿ ತಾಯಂದಿರನ್ನು ಬೆಂಚಿನ ಮೇಲೆ ಕೂರಿಸಿದೆವು. ಭಾಷಣ ಮುಗಿದ ಮೇಲೆ ನಾವು ಮಾತಾಡಬೇಕೆಂದು ಚೀಟಿ ಬರೆದುಕೊಂಡಿದ್ದೆವು. ನಮ್ಮ ಚೀಟಿ ಜೇಬಿನಲ್ಲೇ ಉಳಿಯಿತು. ನಮ್ಮವ್ವ ಎದ್ದು ನಿಂತು ಕೇಳಿದಳು: "ಸಾ, ಹೆಣ್ಮಕ್ಕಳ ಕಕ್ಕಸ್ಸಿಗೆ ಬೀಗ ಯಾಕ್ ಜಡ್ದಿದ್ದೀರಿ? ನಮ್ ಹೆಣ್ಮಕ್ಳು ತಿಂಗ್ಳಲ್ಲಿ ನಾಕ್ ದಿನ ಅದಕ್ಕೇ ಅಲ್ವಾ ಬರ್ದೇ ಇರದು?"

ಸಭೆ ತಣ್ಣಗಾಯಿತು. ಹಾಜರಿ ಕಡಿಮೆ ಯಾಕೆ ಎಂದು ಅವರು ಒಂದು ಗಂಟೆ ಭಾಷಣ ಮಾಡಿದ್ದರು. ಉತ್ತರ ಬಾಗಿಲ ಬಳಿ ನಿಲ್ಲುತ್ತಿದ್ದವರ ಹತ್ತಿರ ಇತ್ತು. ಬೀಗದ ಕೈ ಸ್ಟಾಫ್ ರೂಮಿನ ಮೊಳೆಯಲ್ಲಿ ನೇತಾಡುತ್ತಿತ್ತು. ಒಂದು ವಾರದಲ್ಲಿ ಬೀಗ ತೆಗೆದರು. ಇದು ಕ್ರಾಂತಿಯೇನಲ್ಲ, ಒಂದು ಬೀಗ. ಇಂಥ ಬೀಗಗಳು ಎಷ್ಟು ಶಾಲೆಗಳಲ್ಲಿವೆಯೋ!

ಆದ್ದರಿಂದ ನಾವು ಕೇಳುವುದು ಇಷ್ಟು. ಪೋಷಕರ ಸಭೆ ಕೂಲಿ ಬಿಟ್ಟ ಮೇಲೆ, ಸಂಜೆ ಏಳು ಗಂಟೆಗೆ ನಡೆಯಲಿ. ವರ್ಷಕ್ಕೆ ಎರಡು ಸಲವಾದರೂ ಕೇರಿಯಲ್ಲೇ ನಡೆಯಲಿ. ಅಪ್ಪ ಬರಲಿಲ್ಲವೆಂದು ಮಗುವನ್ನು ಹೊರಗೆ ನಿಲ್ಲಿಸುವ ಶಿಕ್ಷೆ ನಿಲ್ಲಲಿ. ಮಗು ಒಂದು ವಾರ ಬಾರದಿದ್ದರೆ ಶಾಲೆಯೇ ಮನೆ ಬಾಗಿಲಿಗೆ ಬರಲಿ. ತಾಯಿ ಬಂದರೆ ಅವಳೇ ಸಾಕು. ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಬೇಡಿ. ಎಂಟನೇ ಕ್ಲಾಸಿಗೆ ನಿಂತ ಕಾನೂನನ್ನು ಹತ್ತನೇ ಕ್ಲಾಸಿನವರೆಗೆ ಎಳೆಯಿರಿ. ಇದರಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ದುಡ್ಡು ಬೇಡ. ನಮ್ಮನ್ನು ಮನುಷ್ಯರೆಂದು ಕಂಡರೆ ಸಾಕು.

ಓದಿದ ಗೆಳೆಯರೆ, ಪ್ರತಿ ಕೇರಿಯಲ್ಲೂ ಇಬ್ಬರು ಎದ್ದೇಳಿ. ಸಭೆಯ ಹಿಂದಿನ ರಾತ್ರಿ ತಾಯಂದಿರ ಜೊತೆ ಕೂರಿ. ಅವರ ಪ್ರಶ್ನೆಗಳನ್ನು ಬರೆದುಕೊಳ್ಳಿ. ಅವರ ಬದಲು ನೀವು ಮಾತಾಡಬೇಡಿ.

ಮೊನ್ನೆ ತಮ್ಮ ಶಾಲೆಯಿಂದ ಬಂದು ಅದೇ ಹಳೆಯ ಮಾತು ಹೇಳಿದ. ಅವ್ವ ರಾಗಿ ಬೀಸುತ್ತಿದ್ದವಳು ತಲೆ ಎತ್ತಿದಳು.

"ನಿಮ್ಮಪ್ಪ ಬೆಂಗ್ಳೂರಲ್ಲವ್ನೆ. ನಾನ್ ಇಲ್ಲೇ ಇದೀನಿ. ಹೋಗ್ ಮಗ, ನಿಮ್ ಮೇಷ್ಟ್ರನ್ನ ಕರ್ಕೊಂಡು ಬಾ."