ಗಂಗಾಸಾಗರಕ್ಕೆ ಒಂದು ದಿನ ಸಾಲದು

ನಾನು ಕೋಲ್ಕತ್ತದಲ್ಲಿದ್ದೇನೆ ಎಂದು ತಿಳಿದ ಊರಿನವರು ಕೇಳುವುದು ಒಂದೇ: ‘ಅಪ್ಪ–ಅಮ್ಮನನ್ನು ಕರೆದುಕೊಂಡು ಬರ್ತೀವಿ, ಗಂಗಾಸಾಗರ ಒಂದೇ ದಿನದಲ್ಲಿ ಆಗುತ್ತಲ್ವಾ?’ ಏಜೆಂಟರು ಆಗುತ್ತದೆ ಎನ್ನುತ್ತಾರೆ. ಎಪ್ಪತ್ತು ದಾಟಿದವರು ಜೊತೆಗಿದ್ದರೆ ಬೇಡ ಅನ್ನುವುದೇ ನನ್ನ ಉತ್ತರ.

ದೂರ ಹೆಚ್ಚೇನಿಲ್ಲ. ಕಾಕದ್ವೀಪದ ‘ಲಾಟ್ ನಂಬರ್ 8’ ಜೆಟ್ಟಿಗೆ ಸುಮಾರು 90 ಕಿ.ಮೀ. ತೊಡಕಿರುವುದು ಮುಂದಿನ ಮುರಿಗಂಗಾ ನದಿಯಲ್ಲಿ. ದಾಟಲು ಸೇತುವೆಯಿಲ್ಲ, ದೋಣಿಯೇ ಗತಿ. ಹೂಳು ತುಂಬಿದ ಈ ನದಿಯಲ್ಲಿ ಇಳಿತದ ಹೊತ್ತಿಗೆ ನೀರು ಸಾಲದೆ ದೋಣಿ ನಿಲ್ಲುತ್ತದೆ. ಮತ್ತೆ ಭರತ ಬರುವವರೆಗೆ ಜೆಟ್ಟಿಯಲ್ಲಿ ಗಂಟೆಗಟ್ಟಲೆ ಕೂರಬೇಕು. ಆಚೆ ದಡದ ಕಚುಬೇರಿಯಾದಿಂದ ಕಪಿಲಮುನಿ ಗುಡಿಗೆ ಇನ್ನೂ ಸುಮಾರು 30 ಕಿ.ಮೀ. ಬಸ್ಸು. ಭರತ–ಇಳಿತದ ವೇಳೆ ದಿನಾ ಬದಲಾಗುತ್ತದೆ. ಹಿಂದಿನ ದಿನವೇ ವಿಚಾರಿಸಿಕೊಂಡು ಕಾರು ಹೇಳಿ. ರಾತ್ರಿ ದ್ವೀಪದಲ್ಲೇ ತಂಗಿ. ಭಾರತ ಸೇವಾಶ್ರಮ ಸಂಘದ ವಸತಿ ಅಲ್ಲಿದೆ. ಮಕರ ಸಂಕ್ರಾಂತಿಯ ಜಾತ್ರೆಯೇ ಬೇಕೆಂಬ ಹಟವಿಲ್ಲದಿದ್ದರೆ ಜನವರಿ ಮಧ್ಯಭಾಗ ಬಿಟ್ಟುಬಿಡಿ.

ನಗರದೊಳಗೂ ಬೆಂಗಳೂರಿನ ಅಭ್ಯಾಸದಂತೆ ದಿನವಿಡೀ ಟ್ಯಾಕ್ಸಿ ಹಿಡಿಯುವುದು ದಂಡ. 1984ರಲ್ಲಿ ದೇಶದ ಮೊದಲ ಮೆಟ್ರೊ ಓಡಿದ್ದು ಇಲ್ಲೇ. ಈಗ ಅದು ದಕ್ಷಿಣೇಶ್ವರದವರೆಗೂ ಹೋಗುತ್ತದೆ. ಹೌರಾ ನಿಲ್ದಾಣದಲ್ಲಿ ಇಳಿದವರು ಹೂಗ್ಲಿಯ ಅಡಿಯಲ್ಲೇ ಸುರಂಗದಲ್ಲಿ ಎಸ್‌ಪ್ಲನೇಡ್ ಸೇರಬಹುದು. 2024ರಲ್ಲಿ ಶುರುವಾದ ಮಾರ್ಗವದು. ದಕ್ಷಿಣೇಶ್ವರದಿಂದ ಬೇಲೂರು ಮಠಕ್ಕೆ ದೋಣಿಯಲ್ಲಿ ಹೋಗಿ. (ಹಾಸನದ ಬೇಲೂರಲ್ಲ, ಕುವೆಂಪು ದೀಕ್ಷೆ ಪಡೆದ ಬೇಲೂರು.) ಆದರೆ ಬೆಳಿಗ್ಗೆ ಬೇಗ ಹೊರಡಿ. ಮಠ ಹನ್ನೊಂದೂವರೆ ಹೊತ್ತಿಗೆ ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕರ ಸುಮಾರಿಗೆ. ಎಷ್ಟೋ ಹಿರಿಯರು ಗೇಟಿನ ಎದುರು ಬಿಸಿಲಲ್ಲಿ ಕೂತಿರುವುದನ್ನು ಕಂಡಿದ್ದೇನೆ. ಏಜೆಂಟರ ಪಟ್ಟಿಯಲ್ಲಿ ಈ ಮಧ್ಯಾಹ್ನದ ಬಾಗಿಲು ಇರುವುದೇ ಇಲ್ಲ. ವಿಕ್ಟೋರಿಯಾ ಸ್ಮಾರಕದ ಮ್ಯೂಸಿಯಂಗೆ ಸೋಮವಾರ ರಜೆ.

ಊಟದ ಮಾತು. ‘ಮಾಂಸ ಬೇಡ’ ಎಂದರೆ ಇಲ್ಲಿ ಮೀನು ಬರುವ ಸಾಧ್ಯತೆ ಉಂಟು, ಅವರ ಲೆಕ್ಕದಲ್ಲಿ ಅದು ಬೇರೆಯೇ. ‘ನಿರಾಮಿಷ್’ ಎನ್ನಿ, ಅರ್ಥವಾಗುತ್ತದೆ. ಅಮ್ಮನಿಗೆ ಇಡ್ಲಿಯೇ ಆಗಬೇಕೆಂದರೆ ಲೇಕ್ ಮಾರ್ಕೆಟ್ ಕಡೆಗೆ ಬನ್ನಿ. ಕಾಳೀಘಾಟ್ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು.