ಸ್ಟ್ರೆಸ್ಸೂ ಸ್ಟ್ರೇನೂ ಇಂಗ್ಲಿಷ್ ಪ್ರಶ್ನೆ ಅಲ್ಲ

ವೈವಾ ಸೀಸನ್ ಬಂತು ಅಂದ್ರೆ ಕಾರಿಡಾರ್ ತುಂಬಾ ಒಂದೇ ಥರದ ಪ್ರಶ್ನೆಗಳು. ಸ್ಟ್ರೆಸ್‌ಗೂ ಸ್ಟ್ರೇನ್‌ಗೂ ಏನು ವ್ಯತ್ಯಾಸ? ಹೀಟ್‌ಗೂ ಟೆಂಪರೇಚರ್‌ಗೂ? ಆಕ್ಯುರಸಿಗೂ ಪ್ರಿಸಿಷನ್‌ಗೂ? ಕಂಪ್ಯೂಟರ್ ಸೈನ್ಸ್‌ನವರಾದ್ರೆ ಆಥೆಂಟಿಕೇಷನ್‌ಗೂ ಆಥರೈಸೇಷನ್‌ಗೂ? ಎಕ್ಸ್‌ಟರ್ನಲ್ ಬದಲಾದರೂ ಪ್ರಶ್ನೆ ಬದಲಾಗಲ್ಲ. ಉತ್ತರಾನೂ ಬದಲಾಗಲ್ಲ. ನೋಟ್ಸ್‌ನಲ್ಲಿ ನಡುವೆ ಗೆರೆ ಎಳೆದು ಎರಡು ಕಾಲಂ ಮಾಡಿರ್ತಾರಲ್ಲ, ಅದನ್ನು ಉರು ಹೊಡೆದು ಒಪ್ಪಿಸೋದು ಅಷ್ಟೇ.

ಇಂಥ ಪ್ರಶ್ನೆಗಳ ಬಗ್ಗೆ ನಮ್ಮ ಕ್ಯಾಂಪಸ್‌ನಲ್ಲಿ ಒಂದು ನಂಬಿಕೆ ಇದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಇದು ಸುಲಭ, ಕನ್ನಡ ಮೀಡಿಯಂನಿಂದ ಬಂದವರಿಗೆ ಕಷ್ಟ, ಯಾಕಂದ್ರೆ ಇವೆಲ್ಲ ಇಂಗ್ಲಿಷ್ ಪದಗಳು ತಾನೇ, ಅಂತ. ಈ ನಂಬಿಕೆ ಸರಿಯಿಲ್ಲ ಅನ್ನೋದು ನಮ್ಮ ವಾದ. ಈ ಮಾತು ಹೇಳ್ತಿರೋ ನಾವು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವರು ಅನ್ನೋದೂ ನಿಮಗೆ ಗೊತ್ತಿರಲಿ.

ಮೊದಲು ಸ್ಟ್ರೆಸ್, ಸ್ಟ್ರೇನ್ ತಗೊಳ್ಳೋಣ. ದಿನಬಳಕೆಯ ಇಂಗ್ಲಿಷ್‌ನಲ್ಲಿ ಇವೆರಡೂ ಅಕ್ಕಪಕ್ಕದ ಮನೆಯವರು. ಎಕ್ಸಾಂ ಸ್ಟ್ರೆಸ್, ಕಣ್ಣಿಗೆ ಸ್ಟ್ರೇನ್ ಅಂತೀವಿ. ಎರಡರಲ್ಲೂ ಕಷ್ಟ ಆಗ್ತಿದೆ ಅನ್ನೋದಷ್ಟೇ ಅರ್ಥ. ಇವಕ್ಕೆ ಬೇರೆ ಬೇರೆ ಖಚಿತ ಅರ್ಥ ಕೊಟ್ಟವರಲ್ಲಿ ಮುಖ್ಯನಾದವನು ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್, ಅದೂ 1850ರ ದಶಕದಲ್ಲಿ. ವಸ್ತುವಿನ ಒಳಗೆ ಪ್ರತಿ ಚದರಳತೆಗೆ ಹಂಚಿಕೊಂಡ ಬಲ ಸ್ಟ್ರೆಸ್. ಅದರಿಂದ ವಸ್ತು ತನ್ನ ಮೊದಲಿನ ಉದ್ದಕ್ಕೆ ಹೋಲಿಸಿದರೆ ಎಷ್ಟು ಪಾಲು ಹಿಗ್ಗಿತು ಅನ್ನೋದು ಸ್ಟ್ರೇನ್. ಅಂದ್ರೆ ಈ ವ್ಯತ್ಯಾಸ ಇಂಗ್ಲಿಷ್ ಭಾಷೆಯಲ್ಲಿ ಮೊದಲೇ ಕೂತಿರಲಿಲ್ಲ. ಎಂಜಿನಿಯರ್‌ಗಳಿಗೆ ಬೇಕಿತ್ತು, ಮಾಡಿಕೊಂಡರು.

ಮಾಸ್, ವೆಯ್ಟ್ ಕಥೆಯೂ ಹೀಗೇ. ವೆಯ್ಟ್ ಅನ್ನೋ ಪದವನ್ನು ಒಮ್ಮೆ ದ್ರವ್ಯರಾಶಿಗೆ, ಒಮ್ಮೆ ಬಲಕ್ಕೆ ಬಳಸಿ ಗೊಂದಲ ಆಗ್ತಿತ್ತು. ಅದಕ್ಕೇ 1901ರಲ್ಲಿ ತೂಕ ಮತ್ತು ಅಳತೆಗಳ ಮೂರನೇ ಮಹಾಸಮ್ಮೇಳನ ಸೇರಿ, ವೆಯ್ಟ್ ಅಂದ್ರೆ ಬಲದ ಜಾತಿಗೆ ಸೇರಿದ್ದು ಅಂತ ಘೋಷಣೆ ಮಾಡ್ತು. ನಾವು ಲೆಕ್ಕದಲ್ಲಿ 9.81 ಅಂತ ಹಾಕೋ ಸಂಖ್ಯೆಯ ಪ್ರಮಾಣಿತ ಬೆಲೆ 9.80665 ಅನ್ನೋದನ್ನೂ ಅಲ್ಲೇ ದಾಖಲಿಸಿದರು. ವಿಜ್ಞಾನಿಗಳೇ ಕೂತು ಒಪ್ಪಂದ ಮಾಡಿಕೊಳ್ಳಬೇಕಾಗಿ ಬಂದ ವಿಷಯ ಇದು. ಕಾನ್ವೆಂಟ್‌ನಲ್ಲಿ ಓದಿದ ಮಾತ್ರಕ್ಕೆ ಅದು ಹೇಗೆ ತಾನಾಗಿ ಬರುತ್ತೆ?

ನಿಜ ಹೇಳಬೇಕಂದ್ರೆ, ಇಂಗ್ಲಿಷ್ ಚೆನ್ನಾಗಿ ಗೊತ್ತಿರೋದೇ ಕೆಲವು ಸಲ ಅಡ್ಡ ಬರುತ್ತೆ. ಹೀಟ್, ಟೆಂಪರೇಚರ್ ಕೇಳಿದ ತಕ್ಷಣ 'ಇದು ಗೊತ್ತಿರೋದೇ' ಅನಿಸುತ್ತೆ, ಮುಂದೆ ಯೋಚನೆ ಹೋಗಲ್ಲ. ದೀಪಾವಳಿಯ ಸುರುಸುರುಬತ್ತಿ ನೆನಪು ಮಾಡಿಕೊಳ್ಳಿ. ಅದರ ಕಿಡಿಯ ಟೆಂಪರೇಚರ್ 1000 ಡಿಗ್ರಿ ಸೆಲ್ಸಿಯಸ್ ದಾಟುತ್ತೆ. ಆದರೂ ಒಂದು ಕಿಡಿ ಕೈಮೇಲೆ ಬಿದ್ದರೆ ಚುರ್ ಅಂದು ಸುಮ್ಮನಾಗುತ್ತೆ. 100 ಡಿಗ್ರಿಯ ಒಂದು ಲೋಟ ಕುದಿನೀರು ಬಿದ್ದರೆ ಆಸ್ಪತ್ರೆಗೆ ಓಡಬೇಕು. ಕಿಡಿಯಲ್ಲಿ ಬಿಸಿಯ ಮಟ್ಟ ಜಾಸ್ತಿ, ಆದ್ರೆ ಕೈಗೆ ದಾಟಿಸೋಕೆ ಅದರ ಹತ್ತಿರ ಇರೋ ಶಾಖ ತೀರಾ ಕಮ್ಮಿ. ಇದನ್ನು ತಿಳಿದುಕೊಳ್ಳೋಕೆ ಯಾವ ಇಂಗ್ಲಿಷ್ ಬೇಕು?

ವ್ಯತ್ಯಾಸ ಗೊತ್ತಿಲ್ಲದಿದ್ರೆ ವೈವಾದಲ್ಲಿ ಎರಡು ಮಾರ್ಕ್ಸ್ ಹೋಗಬಹುದು, ಅಷ್ಟೇ ತಾನೇ ಅನ್ನಬೇಡಿ. ಸ್ಟ್ರೆಂತ್ ಮತ್ತು ಸ್ಟಿಫ್‌ನೆಸ್ ನೋಡಿ. ಹಳೇ ಮೈಲ್ಡ್ ಸ್ಟೀಲ್ ಸರಳು ಸುಮಾರು 250 ಮೆಗಾಪಾಸ್ಕಲ್‌ವರೆಗೆ ಶಾಶ್ವತವಾಗಿ ಸೊಟ್ಟಗಾಗದೆ ತಡೆಯುತ್ತೆ. ಈಗ ಸಿಮೆಂಟ್ ಅಂಗಡಿಗಳ ಬೋರ್ಡ್‌ನಲ್ಲಿ ಕಾಣೋ ಎಫ್‌ಇ 500 ಸರಳು 500ರವರೆಗೆ. ಸ್ಟ್ರೆಂತ್ ಡಬಲ್ ಆಯ್ತು. ಆದ್ರೆ ಎರಡರ ಯಂಗ್ಸ್ ಮಾಡ್ಯುಲಸ್ ಮಾತ್ರ ಒಂದೇ, ಸುಮಾರು 200 ಗಿಗಾಪಾಸ್ಕಲ್. ಸ್ಟಿಫ್‌ನೆಸ್ ಒಂದು ಚೂರೂ ಜಾಸ್ತಿ ಆಗಿಲ್ಲ.

ಈಗ ಒಂದು ಲೆಕ್ಕ. ಗೋಡೆಯಿಂದ ಹೊರಚಾಚಿದ ಒಂದು ದುಂಡನೆಯ ಸರಳು, ಅದರ ತುದಿಗೆ ಒಂದು ಭಾರ. ಸ್ಟ್ರೆಂತ್ ಡಬಲ್ ಇದೆ ಅಂತ ವ್ಯಾಸವನ್ನು ಸುಮಾರು 20 ಪರ್ಸೆಂಟ್ ಇಳಿಸಿದರೂ ಅದೇ ಭಾರವನ್ನು ಅದು ತಡೆಯುತ್ತೆ. ಆದ್ರೆ ತುದಿ ಕೆಳಗೆ ಬಾಗೋದು ಎರಡೂವರೆ ಪಟ್ಟು ಜಾಸ್ತಿ ಆಗುತ್ತೆ. ಸರಳು ಮುರಿಯಲ್ಲ, ಆದ್ರೆ ಅದರ ಮೇಲೆ ಕೂರಿಸಿದ ಗಾಜು, ಟೈಲ್ಸ್ ಬಿರುಕು ಬಿಡಬಹುದು. ಎರಡು ಪದ ಒಂದೇ ಅಂದುಕೊಂಡರೆ ಇದೇ ಆಗೋದು.

ಇಲ್ಲಿ ಕನ್ನಡ ಮೇಲು, ಇಂಗ್ಲಿಷ್ ಕೀಳು ಅಂತ ನಾವು ಹೇಳ್ತಿಲ್ಲ. ಕನ್ನಡದಲ್ಲೂ ತೊಡಕಿದೆ. ಆಕ್ಯುರಸಿಗೂ ನಿಖರತೆ ಅಂತೀವಿ, ಪ್ರಿಸಿಷನ್‌ಗೂ ನಿಖರತೆ ಅಂತೀವಿ. ಸ್ಟ್ರಾಂಗ್, ಸ್ಟಿಫ್, ಹಾರ್ಡ್ ಮೂರಕ್ಕೂ 'ಗಟ್ಟಿ' ಅಂದುಬಿಡ್ತೀವಿ. ಆದ್ರೆ ಗಟ್ಟಿ ಅಂದ ಮೇಲೆ ಎದುರಿಗಿರೋನು ಕೇಳ್ತಾನೆ, ಯಾವ ಥರ ಗಟ್ಟಿ? ಆಗ ಹೇಳಲೇಬೇಕು: ಬಾಗದ ಗಟ್ಟಿ, ಭಾರಕ್ಕೆ ಸೋಲದ ಗಟ್ಟಿ, ಗೀರು ಬೀಳದ ಗಟ್ಟಿ. ಹಾಗೆ ಬಿಡಿಸಿ ಹೇಳುವಾಗಲೇ ವಿಷಯ ತಲೆಗೆ ಹೋಗೋದು. ತರಕಾರಿ ಅಂಗಡಿ ತಕ್ಕಡಿ ಪ್ರತಿ ಸಲವೂ ಸರಿಯಾಗಿ 50 ಗ್ರಾಂ ಜಾಸ್ತಿ ತೋರಿಸಿದರೆ ಅದು ಪ್ರಿಸೈಸ್, ಆದ್ರೆ ಆಕ್ಯುರೇಟ್ ಅಲ್ಲ. 'ಒಂದೇ ಮಾತು ಹೇಳುತ್ತೆ, ಆದ್ರೆ ಸುಳ್ಳು ಹೇಳುತ್ತೆ' ಅಂದ್ರೆ ಯಾರಿಗೂ ಮರೆಯಲ್ಲ.

ಇನ್ನು ಕೆಲವು ಕಡೆ ಕನ್ನಡ ಮೀಡಿಯಂನವರು ನಮಗಿಂತ ಮುಂದಿದ್ದಾರೆ. ಅವರ ಹೈಸ್ಕೂಲ್ ಪುಸ್ತಕದಲ್ಲಿ ಸ್ಪೀಡ್‌ಗೆ ಜವ, ವೆಲಾಸಿಟಿಗೆ ವೇಗ. ಡಿಸ್ಟೆನ್ಸ್‌ಗೆ ದೂರ, ಡಿಸ್‌ಪ್ಲೇಸ್‌ಮೆಂಟ್‌ಗೆ ಸ್ಥಾನಪಲ್ಲಟ. ಸ್ಥಾನ ಪಲ್ಲಟ ಆಗಿದೆಯಾ ಇಲ್ವಾ ಅನ್ನೋದು ಪದದೊಳಗೇ ಇದೆ. ಗ್ರೌಂಡ್ ಒಂದು ಸುತ್ತು ಓಡಿ ಅದೇ ಜಾಗಕ್ಕೆ ಬಂದರೆ ಸೊನ್ನೆ ಅಂತ ಬಾಯಿಪಾಠ ಮಾಡೋ ಅಗತ್ಯವೇ ಇಲ್ಲ.

ಭತ್ತ, ಅಕ್ಕಿ, ಅನ್ನ ಮೂರಕ್ಕೂ ವ್ಯತ್ಯಾಸವನ್ನು ಯಾರಾದ್ರೂ ಟೇಬಲ್ ಬರೆದು ಕಲಿತಿದ್ದೀವಾ? ಇಲ್ಲ. ಭತ್ತ ಬೇಯಿಸೋಕಾಗಲ್ಲ, ಅಕ್ಕಿಗೆ ಸಾರು ಹಾಕಿ ಉಣ್ಣೋಕಾಗಲ್ಲ. ಒಂದರ ಜಾಗದಲ್ಲಿ ಇನ್ನೊಂದು ಇಟ್ಟರೆ ಊಟ ಕೆಡುತ್ತೆ, ಅದಕ್ಕೇ ಗೊತ್ತು. ಎಂಜಿನಿಯರಿಂಗ್ ಪದಗಳನ್ನೂ ಹೀಗೇ ಕಲೀಬೇಕು. ಕಾಲೇಜು ಗೇಟ್‌ನಲ್ಲಿ ಐಡಿ ಕಾರ್ಡ್ ನೋಡಿ 'ನೀನು ಯಾರು' ಅಂತ ಖಚಿತ ಮಾಡಿಕೊಳ್ಳೋದು ಆಥೆಂಟಿಕೇಷನ್. ಒಳಗೆ ಬಂದ ಮೇಲೆ ಎಕ್ಸಾಂ ಸೆಕ್ಷನ್‌ಗೆ ಹೋಗೋ ಹಕ್ಕು ನಿನಗಿದೆಯಾ ಅನ್ನೋದು ಆಥರೈಸೇಷನ್. ಮೊದಲನೆಯದು ಸಾಕು ಅಂದುಕೊಂಡರೆ ಕ್ವೆಶ್ಚನ್ ಪೇಪರ್ ಎಲ್ಲರ ಕೈಯಲ್ಲಿ!

ಇದೆಲ್ಲ ಯಾಕೆ ಹೇಳಬೇಕಾಯ್ತು ಅಂದ್ರೆ, ಮಷಿನ್ ಮುಂದೆ ನಿಂತು ಕನ್ನಡದಲ್ಲಿ ಚೆನ್ನಾಗಿ ವಿವರಿಸೋ ಗೆಳೆಯ ಗೆಳತಿಯರು ವೈವಾ ಟೇಬಲ್ ಮುಂದೆ ಸುಮ್ಮನಾಗ್ತಾರೆ. ಅವರಿಗೆ ವಿಷಯ ಗೊತ್ತಿಲ್ಲ ಅಂತ ಮಾರ್ಕ್ಸ್ ಕಟ್. ಟೇಬಲ್ ಉರು ಹೊಡೆದವರಿಗೆ ಫುಲ್ ಮಾರ್ಕ್ಸ್. ಇಲ್ಲಿ ಅಳೆದದ್ದು ಸ್ಟ್ರೆಸ್ಸನ್ನೂ ಅಲ್ಲ, ಸ್ಟ್ರೇನನ್ನೂ ಅಲ್ಲ, ಇಂಗ್ಲಿಷ್ ಮಾತಾಡೋ ಧೈರ್ಯವನ್ನು.

'ನಾಳೆ ಇಂಟರ್‌ವ್ಯೂ ಇಂಗ್ಲಿಷ್‌ನಲ್ಲೇ ಅಲ್ವಾ' ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಹೌದು, ಗೇಟ್ ಪರೀಕ್ಷೆಯೂ ಇಂಗ್ಲಿಷ್‌ನಲ್ಲೇ. ಪದಗಳನ್ನು ಇಂಗ್ಲಿಷ್‌ನಲ್ಲೇ ಇಟ್ಟುಕೊಳ್ಳೋಣ, ತಕರಾರಿಲ್ಲ. ಕೋರ್ಸ್ ಪೂರ್ತಿ ಕನ್ನಡದಲ್ಲಿ ಮಾಡಿ ಅಂತಾನೂ ನಾವು ಕೇಳ್ತಿಲ್ಲ. ಎಐಸಿಟಿಇ 2021ರಲ್ಲೇ ಕನ್ನಡ ಸೇರಿ ಎಂಟು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸೋಕೆ ಅವಕಾಶ ಕೊಟ್ಟಿದೆ. ನಾವು ಕೇಳೋದು ಅದಕ್ಕಿಂತ ಎಷ್ಟೋ ಚಿಕ್ಕದು. ವೈವಾದಲ್ಲಿ ವ್ಯತ್ಯಾಸ ಕೇಳಿದಾಗ, ಪದ ಇಂಗ್ಲಿಷ್‌ನಲ್ಲಿರಲಿ, ವಿವರಣೆ ಕನ್ನಡದಲ್ಲಿ ಬಂದರೂ ಒಪ್ಪಿಕೊಳ್ಳಿ. ಮೇಷ್ಟ್ರುಗಳಲ್ಲಿ ನಮ್ಮ ವಿನಂತಿ ಇಷ್ಟೇ.

ಓದ್ತಿರೋ ನಿಮಗೂ ಒಂದು ಕೆಲಸ. ಮುಂದಿನ ಇಂಟರ್ನಲ್ಸ್‌ಗೆ ಓದುವಾಗ ಇಂಥ ಒಂದು ಜೋಡಿ ತಗೊಳ್ಳಿ. ಟೇಬಲ್ ಬೇಡ. ಒಂದರ ಜಾಗದಲ್ಲಿ ಇನ್ನೊಂದು ಇಟ್ಟರೆ ಏನು ಹಾಳಾಗುತ್ತೆ ಅಂತ ಕನ್ನಡದಲ್ಲಿ ಒಂದೇ ವಾಕ್ಯ ಬರೀರಿ. ಬರೆಯೋಕೆ ಬಂದರೆ ನಿಮಗೆ ಅರ್ಥ ಆಗಿದೆ. ಬರಲಿಲ್ಲ ಅಂದ್ರೆ ಕನ್ನಡ ಮೀಡಿಯಂನಲ್ಲಿ ಓದಿದ ಫ್ರೆಂಡ್ ಪಕ್ಕ ಕೂತು ಕೇಳಿ, ಒಟ್ಟಿಗೆ ಬರೀರಿ.